ನಿಂಬೆಹಣ್ಣು ದಾಟದ ಕಾರು

ಡೊಂಬಿವಲಿಗೆ ಬಂದ ಮೊದಲ ವಾರವೇ ಕೀರ್ತನ್ ಒಂದು ಕಾರಿನ ಬಾಗಿಲು ಕೊಂಡುಕೊಂಡ. ಕಾರು ಅವನದಲ್ಲ. ಆ ಕಾರಿನಲ್ಲಿ ಅಂಥ ಬಾಗಿಲಿಗೆ ಜಾಗವೂ ಇರಲಿಲ್ಲ.

ಆದದ್ದು ಇಷ್ಟು. ಮೂರು ವರ್ಷದ ಹಿಂದೆ ಘಣಸೋಲಿಯಲ್ಲಿ ಕೆಲಸ ಸಿಕ್ಕಿ ಕಾರ್ಕಳದಿಂದ ಹೊರಟ ಅವನಿಗೆ ಅಮ್ಮ, "ತಾರಾನಾಥ ಮಾವನ ಮನೆಯಲ್ಲಿ ಇರು, ಹೊರಗಿನ ಊಟ ಬೇಡ" ಎಂದಿದ್ದಳು. ಮಾವ ಹೋಟೆಲಿನವನೇ ಆದ್ದರಿಂದ ಹೊರಗಿನ ಊಟವೇ ಮನೆಯ ಊಟವಾಗಿತ್ತು, ಅದು ಬೇರೆ ಮಾತು. ಬಂದ ಎರಡನೆಯ ದಿನ ಮಾವ ಅವನನ್ನು ಬಿಲ್ಡಿಂಗಿನ ಕೆಳಗಿದ್ದ, ಎದುರಿನ ಹೋಟೆಲಿಗೆ ಸೇರಿದ ಗೋಡೌನಿಗೆ ಕರೆದುಕೊಂಡು ಹೋಗಿ, ಅಕ್ಕಿ ಚೀಲಗಳ ಆಚೆ ಹೊದೆಸಿದ್ದ ತಾಡಪಾಲು ಸರಿಸಿದ. ಕೆಂಪು ಬಣ್ಣದ, ನೆಲಕ್ಕೆ ಹೊಟ್ಟೆ ಹಚ್ಚಿದಂತೆ ತಗ್ಗಾದ ಒಂದು ಕಾರು. ಎಡಕ್ಕೆ ಒಂದು ಬಾಗಿಲು, ಬಲಕ್ಕೆ ಒಂದು. ಹಿಂದೆ ಬಾಗಿಲು ಇರಬೇಕಾದಲ್ಲಿ ನುಣ್ಣಗಿನ ತಗಡು.

ಕೀರ್ತನನ ಕಾರಿನ ಜ್ಞಾನ ಅಪ್ಪನ ಮಾರುತಿಯಿಂದ ಶುರುವಾಗಿ ಅಲ್ಲಿಯೇ ಮುಗಿಯುತ್ತಿತ್ತು. ಕಾರೆಂದರೆ ನಾಲ್ಕು ಬಾಗಿಲು. ಹಾಗಾಗಿ ಅವನು ತಕ್ಷಣ ಅರ್ಥ ಮಾಡಿಕೊಂಡ: ಮಾವ ಯಾವುದೋ ಕಷ್ಟಕಾಲದಲ್ಲಿ ಹಿಂದಿನ ಎರಡು ಬಾಗಿಲು ಮಾರಿ, ಜನ ನೋಡಬಾರದೆಂದು ಆ ಜಾಗಕ್ಕೆ ತಗಡು ಬೆಸುಗೆ ಹಾಕಿಸಿದ್ದಾನೆ. ಮಾನವಂತರ ಬಡತನವನ್ನು ಬಾಯಿಬಿಟ್ಟು ಕೇಳಬಾರದು. ಅವನು ಕೇಳಲಿಲ್ಲ. ಭಾನುವಾರ ಸದ್ದಿಲ್ಲದೆ ಕಲ್ಯಾಣಕ್ಕೆ ಹೋಗಿ, ಗುಜರಿ ಅಂಗಡಿಯವನಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿ, ಇದರ ಹಿಂದಿನ ಬಾಗಿಲು ಬೇಕು ಎಂದ. ಗುಜರಿಯವನು ಫೋಟೋವನ್ನು ಒಂದು ನಿಮಿಷ ನೋಡಿದ, ಕೀರ್ತನನನ್ನು ಎರಡು ನಿಮಿಷ ನೋಡಿದ. ಆಮೇಲೆ, "ಮಿಲ್ ಜಾಯೇಗಾ" ಎಂದ.

ಸಿಕ್ಕಿದ್ದು ಯಾವುದೋ ಹಳೆಯ ಟ್ಯಾಕ್ಸಿಯ ಬಾಗಿಲು. ಕೆಳಗೆ ಕಪ್ಪು, ಮೇಲೆ ಹಳದಿ. ಅದನ್ನು ಲೋಕಲ್ ರೈಲಿನ ಲಗೇಜು ಡಬ್ಬಿಯಲ್ಲಿ ನಿಲ್ಲಿಸಿಕೊಂಡು ಬರುವಾಗ ಬುಟ್ಟಿ ಹಿಡಿದು ಕೂತಿದ್ದ ಮೀನು ಮಾರುವ ಹೆಂಗಸೊಬ್ಬಳು ಹಿಡಿ ತಿರುಗಿಸಿ ಅದರ ಗಾಜು ಇಳಿಸಿ, ಅದರೊಳಗಿಂದ ಕತ್ತು ಹಾಕಿ, ಠಾಕುರ್ಲಿ ಬಂತಾ ಎಂದು ನೋಡಿ, ಮತ್ತೆ ಗಾಜು ಏರಿಸಿದಳು.

ಮಾವ ನಗಲಿಲ್ಲ. ಬಾಗಿಲಿನ ಮೇಲೆ ಕೈಯಾಡಿಸಿದ. ಗಾಜನ್ನು ಒಮ್ಮೆ ಇಳಿಸಿ ಏರಿಸಿದ.

"ಇದು ಕೂಪೆ ಮಾರಾಯಾ" ಎಂದ. "ಹುಟ್ಟುವಾಗಲೇ ಎರಡು ಬಾಗಿಲು. ಆದ್ರೆ ನೀನು ತಂದದ್ದು ಒಳ್ಳೆ ಬಾಗಿಲು."

ಅದನ್ನು ಗೋಡೌನಿನ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿ, ಹಿಂದೆ ಒಂದು ಹಲಗೆ ಕೂರಿಸಿ, ಸ್ಪ್ಯಾನರುಗಳನ್ನು ಜೋಡಿಸಿಟ್ಟ. ಸ್ಪ್ಯಾನರು ಬೇಕಾದಾಗ ಗಾಜು ಇಳಿಸುವುದು, ಕೆಲಸ ಮುಗಿದ ಮೇಲೆ ಏರಿಸುವುದು. ಮಾವನ ಮಗಳು ಅನಘ ಈ ಕಥೆಯನ್ನು ಮೂರು ಮಾಳಿಗೆಗೂ ಹಂಚಿದಳು. ಅಲ್ಲಿಂದ ಮುಂದೆ ಬಿಲ್ಡಿಂಗಿನಲ್ಲಿ ಕೀರ್ತನನ ಹೆಸರು "ದರವಾಜಾ".

ತಾರಾನಾಥ ಡೊಂಬಿವಲಿಗೆ ಬಂದದ್ದು ಹದಿನೇಳನೆಯ ವಯಸ್ಸಿನಲ್ಲಿ. ಈಗ ಐವತ್ತೈದು. ದೊಡ್ಡಕ್ಕನ ಗಂಡ ಮಧ್ವರಾಜ, ಅಂದರೆ ಕೀರ್ತನನ ದೊಡ್ಡಪ್ಪ, ಸ್ಟೇಷನ್ನಿನ ಪೂರ್ವದಲ್ಲಿ ಒಂದು ಸಸ್ಯಾಹಾರಿ ಹೋಟೆಲು ಇಟ್ಟಿದ್ದರು. "ಬಾ, ಎರಡು ವರ್ಷ ನೋಡು, ಆಮೇಲೆ ನಿನ್ನದೇ ಒಂದು ಮಾಡುವ" ಎಂದು ಕರೆಸಿಕೊಂಡದ್ದು. ಹುಡುಗನ ಲೆಕ್ಕ ಚೊಕ್ಕ, ಕೈ ಶುದ್ಧ, ಮಾತು ಕಡಿಮೆ. ಮೂರನೆಯ ತಿಂಗಳಿಗೇ ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸಿದರು. ನಮ್ಮ ಕಡೆಯ ಹೋಟೆಲುಗಳಲ್ಲಿ ಒಂದು ಮಾತುಂಟು: ಅಡಿಗೆ ಹೊರಗಿನವನು ಮಾಡಲಿ, ಬಡಿಸುವುದು ಹೊರಗಿನವನು ಬಡಿಸಲಿ, ಗಲ್ಲಾಕ್ಕೆ ಮಾತ್ರ ಮನೆಯವನೇ ಕೂರಬೇಕು. ದೊಡ್ಡಪ್ಪ ಬಂದವರೆದುರು ಅವನ ಭುಜ ತಟ್ಟಿ, "ಇವನಿದ್ದಾನೆ, ನಾನು ಕಣ್ಣು ಮುಚ್ಚಿ ಮಲಗ್ತೇನೆ" ಎನ್ನುತ್ತಿದ್ದರು. ಅವರು ನಿಜವಾಗಿಯೂ ಮಲಗುತ್ತಿದ್ದರು. ಇವನು ಮೂವತ್ತೆಂಟು ವರ್ಷದಿಂದ ಕೂತಿದ್ದಾನೆ.

ದೊಡ್ಡಪ್ಪ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಬಿಟ್ಟು ಹೋಗಬಹುದಿತ್ತು. ಮದುವೆ ಮಾಡಿಸಿದರು: "ಮುಕ್ತಾ ಅಂತ, ಕುಂದಾಪುರದವಳು, ನಾನು ನೋಡಿ ಆಗಿದೆ." "ಆಯ್ತು ಭಾವ." ಗೋಡೌನಿನ ಮೇಲಿನ ಮಾಳಿಗೆಯಲ್ಲಿ ಮನೆ ಕೊಡಿಸಿದರು: "ಹತ್ತಿರ ಇದ್ರೆ ಬೆಳಿಗ್ಗೆ ಐದೂವರೆಗೆ ಶಟರ್ ತೆಗೀಲಿಕ್ಕೆ ಸುಲಭ." "ಆಯ್ತು ಭಾವ." ಒಮ್ಮೆ ಒಬ್ಬ ಸ್ನೇಹಿತ ಠಾಣೆ ಊರಿನ ಕೋಪರಿಯಲ್ಲಿ ಪಾಲಿಗೆ ಹೋಟೆಲು ಇಡುವ ಎಂದು ಬಂದಿದ್ದ. ದೊಡ್ಡಪ್ಪ ಬೇಡ ಎನ್ನಲಿಲ್ಲ. "ಹೋಗು, ಒಳ್ಳೇದೇ. ಆದ್ರೆ ಗಲ್ಲಾಕ್ಕೆ ಯಾರು ಅಂತ ನೀನೇ ಹೇಳಿ ಹೋಗು" ಎಂದರು. ತಾರಾನಾಥ ಎರಡು ದಿನ ಯೋಚಿಸಿದ. ಯಾರ ಹೆಸರೂ ಹೊಳೆಯಲಿಲ್ಲ. "ಆಯ್ತು ಭಾವ" ಎಂದ.

ಈ 'ಆಯ್ತು ಭಾವ'ವನ್ನು ಕೇಳಿ ಕೇಳಿ ಕೀರ್ತನನಿಗೆ ರಕ್ತ ಕುದಿಯುತ್ತಿತ್ತು. ಇದನ್ನು ಹೇಳುವಾಗ ಇನ್ನೊಂದನ್ನೂ ಹೇಳಬೇಕು. ಅವನ ಮೊಬೈಲಿನಲ್ಲಿ ಒಂದು ರಾಜೀನಾಮೆ ಪತ್ರ ಎರಡು ವರ್ಷದಿಂದ ಬರೆದು ಸಿದ್ಧವಾಗಿತ್ತು. ದಿನಾ ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ರೈಲಿನ ಜನರ ನಡುವೆ ಸಿಕ್ಕಿಕೊಂಡು, ಠಾಣೆ ಸ್ಟೇಷನ್ನಿನಲ್ಲಿ ಜನರೇ ಇಳಿಸಿದಾಗ ಇಳಿದು, ಘಣಸೋಲಿಯ ರೈಲು ಹತ್ತಿ, ಆಗ ಅದನ್ನು ತೆಗೆದು ಒಂದು ಅಲ್ಪವಿರಾಮ ತಿದ್ದುತ್ತಿದ್ದ. ಕಳಿಸುತ್ತಿರಲಿಲ್ಲ. ಆಫೀಸಿನಲ್ಲಿ ಮ್ಯಾನೇಜರು ಕರೆದು, "ಶನಿವಾರ ಬರ್ತೀಯಾ?" ಎಂದರೆ, "ಶ್ಯೂರ್ ಸರ್" ಎನ್ನುತ್ತಿದ್ದ. ಇಂಗ್ಲಿಷಿನಲ್ಲಿ ಹೇಳುವುದರಿಂದ ಅದು ಬೇರೆ ಎಂದು ಅವನ ತಿಳುವಳಿಕೆ.

ಕಾರು ಗೋಡೌನಿಗೆ ಬಂದದ್ದು ಹನ್ನೊಂದು ವರ್ಷದ ಹಿಂದೆ. ಅದಕ್ಕೂ ಎಷ್ಟೋ ಮೊದಲು ಮಸ್ಕತ್ತಿನಿಂದ ವಾಪಸಾದ ಗಿರಾಕಿಯೊಬ್ಬ ಅದನ್ನು ಹಡಗಿನಲ್ಲಿ ತರಿಸಿಕೊಂಡಿದ್ದ. ಜಪಾನಿನ ಗಾಡಿ. ದೀಪ ಹಾಕಿದಾಗ ಬಾನೆಟ್ಟಿನಿಂದ ಎರಡು ಕಣ್ಣು ಮೇಲೇಳುತ್ತಿದ್ದವು, ಆರಿಸಿದರೆ ರೆಪ್ಪೆ ಮುಚ್ಚಿದಂತೆ ಒಳಗೆ ಹೋಗುತ್ತಿದ್ದವು. ಆತ ಹೋಟೆಲಿನ ಎದುರು ನಿಲ್ಲಿಸಿ ಒಂದು ಕಾಫಿ ಕುಡಿದು ಹೋಗುವನು. ದುಡ್ಡು ತೆಗೆದುಕೊಳ್ಳುತ್ತ ತಾರಾನಾಥ ಕೇಳುವನು: "ಇವತ್ತು ಎಲ್ಲಿಗೆ ಸರ್?" "ಎಲ್ಲಿಗೂ ಇಲ್ಲ. ಸುಮ್ಮನೆ."

ಹೋಟೆಲಿನಲ್ಲಿ ಯಾರೂ ಯಾವುದನ್ನೂ ಸುಮ್ಮನೆ ಮಾಡುವುದಿಲ್ಲ. ನೀರು ಕೂಡ ಸುಮ್ಮನೆ ಕುದಿಯುವುದಿಲ್ಲ. ಆ ಮಾತು ಮಾವನಿಗೆ ನಾಟಿತ್ತು ಎಂದು ಕೀರ್ತನ್ ಊಹಿಸಿದ್ದ. ಆ ಊಹೆಯ ಮೇಲೆ ಮುಂದೆ ಅವನು ದೊಡ್ಡ ಮಾಳಿಗೆಯನ್ನೇ ಕಟ್ಟಿದ. ಬುನಾದಿಯನ್ನು ನೋಡಲಿಲ್ಲ.

ಕಾರಿಗೆ ವಯಸ್ಸಾಯಿತು, ಓಡುವುದು ನಿಂತಿತು. ಅದರ ಯಜಮಾನ ಮಗನ ಬಳಿ ಹೊರಡುವಾಗ, ಒಂದು ಗ್ರೈಂಡರಿನ ಬೆಲೆಗೆ ಅದನ್ನು ತಾರಾನಾಥನಿಗೆ ಬಿಟ್ಟುಹೋದ. ಹೋಟೆಲಿನ ಹುಡುಗರೆಲ್ಲ ಸೇರಿ ತಳ್ಳಿ ಗೋಡೌನಿಗೆ ತಂದರು. ಹಿಂದಿನ ಗೋಡೆಯಲ್ಲಿ ದೇವಿಯ ಪಟ ಇತ್ತು. ಹೊಸ ಗಾಡಿ ಮೊದಲು ದೇವರ ಮುಖ ನೋಡಬೇಕು ಎಂದರು ದೊಡ್ಡಪ್ಪ. ಹಾಗಾಗಿ ಮೂತಿ ಒಳಗೆ, ಬೆನ್ನು ಬೀದಿಗೆ. ಆ ವರ್ಷ ಆಯುಧಪೂಜೆಗೆ ಗ್ರೈಂಡರು, ಬಾಯ್ಲರುಗಳ ಜೊತೆ ಕಾರಿಗೂ ಕುಂಕುಮ ಹಚ್ಚಿ ಮುಂದಿನ ಎರಡು ಗಾಲಿಗಳ ಎದುರು ಎರಡೆರಡರಂತೆ ನಾಲ್ಕು ನಿಂಬೆಹಣ್ಣು ಇಟ್ಟರು. ಗಾಡಿ ಮುಂದೆ ಹೋಗಿ ಅವನ್ನು ಅಪ್ಪಚ್ಚಿ ಮಾಡಬೇಕು, ಆಗಲೇ ಪೂಜೆ ಪೂರ್ತಿ. ಗಾಡಿ ಹೋಗಲಿಲ್ಲ. ಪೂಜೆಯ ನಿಂಬೆಹಣ್ಣನ್ನು ಕೈಯಿಂದ ತೆಗೆಯಬಾರದು ಎಂದು ಮುಕ್ತಾ ಅತ್ತೆ ಹೇಳಿದಳು. ಮರುವರ್ಷ ಒಣಗಿದವುಗಳ ಮುಂದೆ ಹೊಸ ನಾಲ್ಕು. ಅದರ ಮರುವರ್ಷ ಇನ್ನು ನಾಲ್ಕು. ಇಲಿಗಳು ಕೆಲವನ್ನು ಒಯ್ದವು. ಉಳಿದವು ಗಾಲಿಗಳ ಮುಂದೆ ಜಾಯಿಕಾಯಿಯ ಹಾಗೆ ಕಪ್ಪಗೆ, ಗಟ್ಟಿಯಾಗಿ, ಸಾಲಾಗಿ ಕೂತಿದ್ದವು.

ಹೋಟೆಲು ಮಧ್ಯಾಹ್ನ ಮೂರಕ್ಕೆ ಅರ್ಧ ಶಟರ್ ಇಳಿಸಿ ನಾಲ್ಕಕ್ಕೆ ಚಹಾಕ್ಕೆ ತೆರೆಯುತ್ತದೆ. ಆ ಒಂದು ಗಂಟೆ ತಾರಾನಾಥನದು. ಮೊದಲು ಆ ಹೊತ್ತಿಗೂ ಯಾರಾದರೂ ಕರೆಯುತ್ತಿದ್ದರು. ಗ್ಯಾಸಿನವನು ಬಂದ, ತರಕಾರಿಯವನು ಬಂದ, ಭಾವನಿಗೆ ಬಿ.ಪಿ. ಮಾತ್ರೆ ಬೇಕು. ಕಾರಿನ ಕೆಳಗೆ ಮಲಗಿ ಮೈಯೆಲ್ಲ ಆಯಿಲು ಮಾಡಿಕೊಂಡವನನ್ನು ಕರೆಯಲು ಜನ ಹಿಂಜರಿದರು. ಅಂಥ ಕೈಯಲ್ಲಿ ಗಲ್ಲಾ ಮುಟ್ಟಿಸುವಂತಿಲ್ಲವಲ್ಲ.

ದಿನಕ್ಕೊಂದು ಗಂಟೆ, ಖರ್ಚಿಗೆ ಬೀಡಿ ಬಿಟ್ಟು ಉಳಿಸಿದ ದುಡ್ಡು. ಗ್ಯಾರೇಜಿನ ಸಾಮಾನು ಕಡಿಮೆ, ಹೋಟೆಲಿನ ಸಾಮಾನೇ ಹೆಚ್ಚು. ಕಾವಲಿ ಕೆರೆಯುವ ಸಟ್ಟುಗದಿಂದ ಅಡಿಯ ಜಿಡ್ಡು ಕೆರೆದ. ತುಕ್ಕು ಹಿಡಿದ ಬೋಲ್ಟುಗಳನ್ನು ಇಡ್ಲಿಯ ಹಳೆಯ ಪಾತ್ರೆಯಲ್ಲಿ ಹುಣಸೆ ನೀರು ಹಾಕಿ ನೆನೆಯಿಟ್ಟ. ಸಾಂಬಾರಿಗೆ ಹುಣಸೆ ಇಷ್ಟು ಹೇಗೆ ಹೋಗ್ತದೆ ಎಂದು ದೊಡ್ಡಪ್ಪ ಅಡಿಗೆಯ ಭಟ್ಟರನ್ನು ಒಂದು ತಿಂಗಳು ಸಂಶಯದಿಂದ ನೋಡಿದರು. ನಟ್ಟುಗಳು ಮೆಂತ್ಯದ ಡಬ್ಬಿಯಲ್ಲಿ, ವಾಷರುಗಳು ಜೀರಿಗೆಯದರಲ್ಲಿ. ಹೋಟೆಲಿನ ಹಳೆಯ ಬೆಂಚಿನ ರೆಕ್ಸಿನಿನಿಂದ ಸೀಟು ಹೊಲಿಸಿದ. ಆ ಸೀಟಿನಲ್ಲಿ ಕೂತರೆ ಈಗಲೂ ಬಟಾಟೆ ಪಲ್ಯದ ವಾಸನೆ. ಬಣ್ಣ ಒಂದೇ ಸಲಕ್ಕೆ ಹೊಡೆಸಲು ಕೈ ಸಾಲದೆ ವರ್ಷಕ್ಕೊಂದು ಭಾಗಕ್ಕೆ ಸ್ಪ್ರೇ ಡಬ್ಬಿ ತಂದ. ಹಾಗಾಗಿ ಕಾರಿನಲ್ಲಿ ಐದು ಬಗೆಯ ಕೆಂಪಿತ್ತು. ಬಾನೆಟ್ಟು ಟೊಮೆಟೊ, ಬಾಗಿಲು ಕೆಂಪು ಚಟ್ನಿ, ಹಿಂಭಾಗ ಕೋಕಂ. ಬಲಗಣ್ಣಿನ ಮೋಟಾರು ಸುಟ್ಟುಹೋಗಿತ್ತು. ಹಳೆಯ ಟೆಂಪೋದ ವೈಪರ್ ಮೋಟಾರು ಕೂರಿಸಿದ. ಕಣ್ಣು ತೆರೆಯಿತು. ಮುಚ್ಚಿತು. ತೆರೆಯಿತು. ಮುಚ್ಚಿತು. ವೈಪರಿನ ಮೋಟಾರಿಗೆ ನಿಲ್ಲುವುದು ಗೊತ್ತಿಲ್ಲ. ಗೋಡೌನಿಗೆ ಬಂದವರಿಗೆಲ್ಲ ಕಾರು ಕಣ್ಣು ಹೊಡೆಯುತ್ತಿತ್ತು.

"ಪಪ್ಪಾ, ಯೇ ತೋ ಛೇಡ್ ರಹೀ ಹೈ" ಎಂದು, ಕಾರು ತನ್ನನ್ನೇ ಚುಡಾಯಿಸುತ್ತಿದೆ ಎಂಬಂತೆ, ಅನಘ ನಕ್ಕಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಹಿಂದಿ.

ಐದು ವರ್ಷದ ಹಿಂದೆ ಬೀದಿಗೆ ಕಾಂಕ್ರೀಟು ಹಾಕಿದರು. ಹಳೆಯ ಡಾಂಬರನ್ನು ಕೀಳದೆ ಅದರ ಮೇಲೆಯೇ ಹಾಕಿದ್ದರಿಂದ ರಸ್ತೆ ಮೊಣಕಾಲಿನವರೆಗೆ ಮೇಲೆದ್ದಿತು. ಬಿಲ್ಡಿಂಗಿನ ಎರಡು ಮೆಟ್ಟಿಲು ನೆಲದೊಳಗೆ ಹೋದವು, ಗೋಡೌನು ಗುಂಡಿಯಾಯಿತು. ಸೊಸೈಟಿಯವರು ಕೈಗಾಡಿ ಇಳಿಯಲೆಂದು ಗಿಡ್ಡವಾದ, ಕಡಿದಾದ ಒಂದು ಇಳಿಜಾರು ಕಟ್ಟಿಸಿದರು. ಕೈಗಾಡಿ ಇಳಿಯಿತು. ಕಾರು ಏರುವಂತಿರಲಿಲ್ಲ. ಅದರ ಹೊಟ್ಟೆಗೂ ನೆಲಕ್ಕೂ ನಡುವೆ ನಾಲ್ಕು ಬೆರಳು. ಮೇಲಿನ ಅಂಚಿಗೆ ಬಂದದ್ದೇ ಹೊಟ್ಟೆ ಕೂತು, ನಾಲ್ಕೂ ಗಾಲಿ ಗಾಳಿಯಲ್ಲಿ ಆಡುತ್ತವೆ.

ಇಂಜಿನು ಸರಿಹೋದದ್ದು ಅದಾದ ಮೇಲೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಮೂರೂವರೆಗೆ ಅದು ಕೆಮ್ಮಿ, ಉಗುಳಿ, ಹೊತ್ತಿಕೊಂಡಿತು. ಕೀರ್ತನ್ ಕುಣಿದ. ಮಾವ ಎರಡು ನಿಮಿಷ ಕೇಳಿ ಆಫ್ ಮಾಡಿ, "ಟ್ಯಾಪೆಟ್ ಸದ್ದು ಉಂಟು, ಇನ್ನೊಮ್ಮೆ ಬಿಚ್ಚಬೇಕು" ಎಂದು ಬಿಚ್ಚತೊಡಗಿದ. ಅವನ ಮುಖದಲ್ಲಿ ಆಗ ಕಂಡದ್ದು ಬೇಸರವಲ್ಲ ಎಂದು ಕೀರ್ತನನಿಗೆ ಆ ದಿನವೇ ಹೊಳೆಯಬೇಕಿತ್ತು. ಬಾಗಿಲು ಎಣಿಸಲು ಬಾರದವನಿಗೆ ಮುಖ ಓದಲು ಎಲ್ಲಿ ಬರಬೇಕು.

ಈ ವರ್ಷ ಬಿಲ್ಡಿಂಗು ಒಡೆದು ಹೊಸತು ಕಟ್ಟುವುದೆಂದು ತೀರ್ಮಾನವಾಯಿತು. ಮೇ ಇಪ್ಪತ್ತೈದರೊಳಗೆ ಎಲ್ಲರೂ ಖಾಲಿ ಮಾಡಬೇಕು. ಮನೆ ಠಾಕುರ್ಲಿಯ ಬಾಡಿಗೆ ಫ್ಲ್ಯಾಟಿಗೆ, ಅಕ್ಕಿ ಚೀಲಗಳು ಹೋಟೆಲಿನ ಹಿತ್ತಲಿನ ಬಾಯ್ಲರು ಕೋಣೆಗೆ.

ದೊಡ್ಡಪ್ಪ ಸಂಜೆಯ ಚಹಾದ ಹೊತ್ತಿಗೆ ಗಲ್ಲಾದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಕೀರ್ತನ್ ಎದುರಿನ ಮೇಜಿನಲ್ಲಿದ್ದ.

"ತಾರೂ, ಆ ಗುಜರಿಯವನಿಗೆ ಹೇಳಿದ್ದೇನೆ" ಎಂದರು. "ಇಪ್ಪತ್ತನಾಲ್ಕಕ್ಕೆ ಗ್ಯಾಸ್ ಕಟರ್ ತರ್ತಾನೆ. ಅಲ್ಲಿಯೇ ತುಂಡು ಮಾಡಿ ಒಯ್ತಾನೆ. ನಿನಗೆ ಬೇಜಾರು ಗೊತ್ತುಂಟು. ಆದ್ರೆ ಗುಂಡಿಯಿಂದ ಅದು ಇಡೀ ಹೊರಗೆ ಬರ್ಲಿಕ್ಕುಂಟಾ ಹೇಳು."

"ಆಯ್ತು ಭಾವ" ಎಂದ ತಾರಾನಾಥ. ಒಬ್ಬ ಗಿರಾಕಿಗೆ ಚಿಲ್ಲರೆ ಕೊಟ್ಟು ಹೇಳಿದ, "ಅದಕ್ಕಿಂತ ಮೊದಲು ನಾನೇ ಬಿಚ್ಚಿ ಇಡ್ತೇನೆ."

"ಬಿಚ್ಚು, ಬಿಚ್ಚು. ಬಿಡಿ ಸಾಮಾನಿಗೆ ಎರಡು ಕಾಸು ಜಾಸ್ತಿ ಸಿಕ್ತದೆ."

ಮರುದಿನ ಮಧ್ಯಾಹ್ನ ಗೋಡೌನಿಗೆ ಇಳಿದ ಕೀರ್ತನ್ ನೋಡುತ್ತಾನೆ, ಮಾವ ಸೀಟುಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದಾನೆ. ಡಬ್ಬಿಗಳ ಮೇಲೆ ಹೊಸ ಚೀಟಿ ಅಂಟಿಸಿದ್ದಾನೆ: ಎಡ ಬಾಗಿಲು, ಬಲ ಬಾಗಿಲು, ಗೇರುಪೆಟ್ಟಿಗೆ. ಬಾಯ್ಲರು ಕೋಣೆಯ ಉದ್ದಗಲವನ್ನು ಒಂದು ಬಿಲ್ಲಿನ ಹಿಂದೆ ಬರೆದಿಟ್ಟಿದ್ದಾನೆ.

"ಇದೆಂತ ಮಾವ?"

"ಬಿಚ್ಚಿದ್ರೆ ಸಾಗಿಸಬಹುದು" ಎಂದ ಮಾವ, ತಲೆಯೆತ್ತದೆ. "ಇಂಜಿನು, ಗೇರು, ಬಾಗಿಲು ಎಲ್ಲ ಬಾಯ್ಲರಿನ ಪಕ್ಕ ಹಿಡಿಸ್ತದೆ. ಬಾಡಿಯನ್ನು ಎರಡು ತುಂಡು ಮಾಡಿದ್ರೆ ಅದೂ ಹಿಡಿಸ್ತದೆ. ಆಮೇಲೆ ಬೆಸೆದರಾಯ್ತು."

ಕೀರ್ತನನ ಕಣ್ಣು ತುಂಬಿತು. ಹನ್ನೊಂದು ವರ್ಷ ದುಡಿದು ಈಗ ತನ್ನ ಕೈಯಿಂದಲೇ ಬಿಚ್ಚುತ್ತಿದ್ದಾನಲ್ಲ. ಸೋಲು ಅಂದರೆ ಇದೇ. ಈ ಒಂದು ಸಲವಾದರೂ ಮಾವ 'ಆಯ್ತು ಭಾವ' ಎನ್ನಬಾರದು. ಅವನು ಸ್ಪ್ಯಾನರನ್ನು ಮಾವನ ಕೈಯಿಂದ ತೆಗೆದುಕೊಂಡ.

"ಮಾವ, ನೀವು ಸುಮ್ಮನಿರಿ. ಇದನ್ನು ಇಡೀ ಹೊರಗೆ ತೆಗೆಯುವ ಜವಾಬ್ದಾರಿ ನನ್ನದು."

ಮಾವ ಅವನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಹೊರಗಿನಿಂದ ಯಾರೋ "ತಾರಾನಾಥಣ್ಣಾ, ನಾಲ್ಕಾಯ್ತು" ಎಂದು ಕೂಗಿದರು.

"ಆಯ್ತು" ಎಂದ ಮಾವ. ಅದು ಕೂಗಿದವನಿಗೋ ಕೀರ್ತನನಿಗೋ ತಿಳಿಯಲಿಲ್ಲ. ಕೀರ್ತನ್ ತನಗೇ ಎಂದು ಇಟ್ಟುಕೊಂಡ.

ಆ ಮೂರು ವಾರ ಕೀರ್ತನ್ ಓಡಾಡಿದ್ದು ನೋಡಬೇಕಿತ್ತು. ರಾಜೀನಾಮೆಯ ಅಲ್ಪವಿರಾಮಗಳನ್ನು ಕೂಡ ಮರೆತ. ಮೊದಲು ಮಾವ ಬಿಚ್ಚಿದ್ದ ಸೀಟುಗಳನ್ನು ಮತ್ತೆ ಕೂರಿಸಿದ, ಆಮೇಲೆ ಜಾಗ ಹುಡುಕಿದ. ಘಣಸೋಲಿಯ ಗಾಂವಠಾಣದಲ್ಲಿ, ಅಂದರೆ ಹಳೆಯ ಹಳ್ಳಿಯ ಭಾಗದಲ್ಲಿ, ದೇಜಪ್ಪ ಎಂಬ ಮೂಲ್ಕಿ ಕಡೆಯವರ ಗ್ಯಾರೇಜಿತ್ತು. ಅವರು ತುಳುವಿನಲ್ಲಿ ಎರಡು ಮಾತಾಡಿ, "ಹಿಂದೆ ಶೆಡ್ಡಿನಲ್ಲಿ ಇಡಿ, ಬಾಡಿಗೆ ಬೇಡ, ಹಳೇ ಗಾಡಿ ನೋಡದೆ ತುಂಬಾ ಕಾಲ ಆಯ್ತು" ಎಂದರು. ಕಲ್ಯಾಣದ ಆರ್‌ಟಿಒದಲ್ಲಿ ಕೇಳಿದರೆ ಕಾಗದ ಹೊಸದಾಗಬೇಕಾದರೆ ಗಾಡಿ ತಂದು ತೋರಿಸಿ ಎಂದರು. ಕಾಗದವಿಲ್ಲದೆ ಗಾಡಿ ರಸ್ತೆಯಲ್ಲಿ ಓಡುವಂತಿಲ್ಲ. ದೇಜಪ್ಪನವರೇ ಗಾಡಿ ಹೊರುವ ಒಂದು ಲಾರಿ ಗೊತ್ತು ಮಾಡಿದರು. ಇನ್ನು ಉಳಿದದ್ದು ಮೊಣಕಾಲೆತ್ತರದ ಕಾಂಕ್ರೀಟು.

ಅದಕ್ಕೆ ಸಿಕ್ಕವನು ಜಟ್ಟೆಪ್ಪ. ವಿಜಯಪುರದ ಕಡೆಯ ಗೌಂಡಿ, ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ. ಗೋಡೌನಿಗೆ ಇಳಿದು, ಕಾರಿನ ಸುತ್ತ ಒಂದು ಸುತ್ತು ಬಂದು, ಇಳಿಜಾರಿನ ಮೇಲೆ ಕುಕ್ಕರಗಾಲಲ್ಲಿ ಕೂತ.

"ಇದನ್ನ ಯಾರ ಹಿಂಗ ಮೂತಿ ಒಳಗ ಮಾಡಿ ನಿಲ್ಲಿಸ್ಯಾರ್ರೀ?"

"ದೇವರ ಕಡೆ ಮುಖ ಮಾಡಿ ನಿಲ್ಲಿಸಿದ್ದು" ಎಂದ ಕೀರ್ತನ್, ನಾಚಿಕೆಯಿಂದ.

"ಛಲೋ ಆತು ಬಿಡ್ರಿ. ಇದರ ಎಳಿಯೂ ಗಾಲಿ ಮುಂದಿನ್ವು ಅಲ್ರಿ? ಇಂಜಿನ್ ಭಾರ ಅದರ ಮ್ಯಾಲ. ರಿವರ್ಸಿನಾಗ ಏರಿದ್ರ ಹಿಡಿತ ಸಿಗ್ತೈತಿ. ಮೂತಿ ಹೊರಗಿದ್ದಿದ್ರ ಏರ್ತಿದ್ದಿಲ್ಲ. ದೇವ್ರು ದೊಡ್ಡಾಂವ ಅದಾನ."

ಹೊಟ್ಟೆ ತಾಗದಂತೆ ಮಾಡುವುದಕ್ಕೆ ಉಪಾಯ ಮಾವನೇ ಹೇಳಿದ, ಕೇಳಿದ್ದಕ್ಕೆ ಮಾತ್ರ. ಹೋಟೆಲಿಗೆ ಹೊಸ ಮೇಜು ಬಂದಾಗ ತೆಗೆದಿಟ್ಟ ಹಳೆಯ ಅಮೃತಶಿಲೆಯ ಹಲಗೆಗಳು ಮೂಲೆಯಲ್ಲಿದ್ದವು. ಜಟ್ಟೆಪ್ಪ ಮರಳಿನ ಚೀಲ ಹಾಸಿ, ಅದರ ಮೇಲೆ ಆ ಹಲಗೆಗಳನ್ನು ಗಾಲಿ ಹೋಗುವ ಎರಡು ಸಾಲಿನಲ್ಲಿ ಜೋಡಿಸಿ, ಒಳಗಿನಿಂದಲೇ ಮೆಲ್ಲಗೆ ಏರುವ ಉದ್ದನೆಯ ದಾರಿ ಮಾಡಿದ. ಎಷ್ಟೋ ಸಾವಿರ ಜನ ಮಸಾಲೆ ದೋಸೆ ತಿಂದ ಮೇಜುಗಳು. ಕೆಲವದರ ಮೇಲೆ ಕಾಫಿ ಲೋಟದ ಉಂಗುರ ಇನ್ನೂ ಇತ್ತು.

ಇಪ್ಪತ್ತಮೂರನೆಯ ತಾರೀಖು, ಮಧ್ಯಾಹ್ನ ಮೂರು ಗಂಟೆ ಐದು ನಿಮಿಷ. ಬಿಲ್ಡಿಂಗಿನ ಅರ್ಧ ಮನೆಗಳು ಖಾಲಿ, ಉಳಿದ ಅರ್ಧದ ಜನ ಬೀದಿಯಲ್ಲಿ. ಮುಕ್ತಾ ಅತ್ತೆ ಆರತಿ ತಟ್ಟೆ ಹಿಡಿದಿದ್ದಳು. ಅನಘ ಮೊಬೈಲು. ಕೀರ್ತನ್ ರಜೆ ಹಾಕಿ ಬಂದಿದ್ದ. ಹೊಟ್ಟೆನೋವು ಎಂದು ಮ್ಯಾನೇಜರಿಗೆ ಹೇಳಿದ್ದ. ಹೊಟ್ಟೆ ಕಾರಿನದು ಎನ್ನುವ ಧೈರ್ಯ ಬರಲಿಲ್ಲ.

"ದರವಾಜಾ ದಾದಾ, ಹಟ್ ನಾ, ಫ್ರೇಮ್ ಮೇ ಆ ರಹಾ ಹೈ" ಎಂದು ಅನಘ ಅವನನ್ನು ಪಕ್ಕಕ್ಕೆ ಸರಿಸಿದಳು.

ಕಾರು ಮತ್ತೆ ಕೆಳಕ್ಕೆ ಜಾರಿದರೆ ತಡೆಯಲು ಗಾಲಿಗೆ ಏನಾದರೂ ಕೊಡಬೇಕು ಎಂದಿದ್ದ ಜಟ್ಟೆಪ್ಪ. ಆ ಕೆಲಸ ಕೀರ್ತನನದು. ಅವನು ಹುಡುಕಿ ಹುಡುಕಿ, ಹೋಟೆಲಿನ ಹಳೆಯ ರುಬ್ಬುವ ಕಲ್ಲಿನ ಗುಂಡನ್ನು ತಂದ. ಭಾರವಾಗಿತ್ತು, ಗಟ್ಟಿಯಾಗಿತ್ತು.

ಜಟ್ಟೆಪ್ಪ ಅದನ್ನು ನೋಡಿದ. "ಸಾಹೇಬ್ರ, ಉರುಳೂ ಕಲ್ಲ ತಂದು ತಡೀತೀನಂತೀರಲ್ರಿ. ಗಾಡಿಕಿಂತ ಮೊದಲ ಅದಕ್ಕ ಒಂದು ತಡಿ ಹುಡುಕ್ರಿ."

ಜನ ನಕ್ಕರು. ಮಾವ ಕಾರಿನೊಳಗೆ ಕೂತು ಕನ್ನಡಿ ಸರಿಮಾಡುತ್ತಿದ್ದ, ನಗಲಿಲ್ಲ. ಕೀರ್ತನ್ ಮರದ ತುಂಡು ತಂದ.

ಎರಡು ವರ್ಷ ಬಿಚ್ಚಿ ಕೂರಿಸಿ, ಬಿಚ್ಚಿ ಕೂರಿಸಿ ಮಾಡಿದ್ದ ಇಂಜಿನು ಮೊದಲ ಸಲಕ್ಕೇ ಹೊತ್ತಿತು. ಕಾರು ಒಂದೊಂದು ಗೇಣು ಹಿಂದಕ್ಕೆ ಬಂತು. ಕೀರ್ತನ್ ಪ್ರತಿ ಗೇಣಿಗೂ ಮುಂದಿನ ಗಾಲಿಗೆ ಮರದ ತುಂಡು ಕೊಡುತ್ತ ಬೆವರಿನಲ್ಲಿ ತೊಯ್ದ. ಅರ್ಧಕ್ಕೆ ಬಂದಾಗ ಒಂದು ಹಲಗೆ ಫಟ್ಟೆಂದು ಎರಡಾಯಿತು. ಕಾರು ಎಡಕ್ಕೆ ವಾಲಿತು. ಹೊಟ್ಟೆ ಕಾಂಕ್ರೀಟಿಗೆ ಉಜ್ಜಿದ ಸದ್ದಿಗೆ ಅತ್ತೆ ಕಣ್ಣು ಮುಚ್ಚಿದಳು. "ಬಿಡಬ್ಯಾಡ್ರಿ, ಆಕ್ಸಲೇಟರ್ ಹಿಡೀರಿ" ಎಂದ ಜಟ್ಟೆಪ್ಪ. ಮಾವ ಹಿಡಿದ. ಸುಟ್ಟ ರಬ್ಬರಿನ ವಾಸನೆ ಎದ್ದಿತು. ಹಿಂದಿನ ಗಾಲಿಗಳು ಅಂಚು ದಾಟಿದವು, ಹೊಟ್ಟೆ ಕೂದಲೆಳೆಯಲ್ಲಿ ದಾಟಿತು, ಮುಂದಿನ ಗಾಲಿಗಳು ದಾಟಿದವು. ಐದು ಕೆಂಪಿನ ಕಾರು ಮಧ್ಯಾಹ್ನದ ಬಿಸಿಲಿನಲ್ಲಿ ಕಾಂಕ್ರೀಟಿನ ಮೇಲೆ ನಿಂತು, ಬಲಗಣ್ಣನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಬೀದಿಗೆಲ್ಲ ಕಣ್ಣು ಹೊಡೆಯಿತು. ಜನ ಚಪ್ಪಾಳೆ ತಟ್ಟಿದರು. ದೊಡ್ಡಪ್ಪ ಹೋಟೆಲಿನ ಅರ್ಧ ಶಟರಿನಡಿಯಿಂದ ಬಗ್ಗಿ ಬಂದು ನೋಡಿ, "ಅಡ್ಡಿಲ್ಲ ಮಾರಾಯಾ" ಎಂದು ಮತ್ತೆ ಬಗ್ಗಿ ಒಳಗೆ ಹೋದರು.

ಗಂಟೆ ಮೂರು ನಲವತ್ತು. ರಸ್ತೆ ಖಾಲಿ. ಲಾರಿ ತಿರುವಿನಲ್ಲಿ ಕಾಯುತ್ತಿತ್ತು.

"ಪಪ್ಪಾ, ಚಲಾವೋ ನಾ, ಏಕ್ ರೌಂಡ್" ಎಂದಳು ಅನಘ.

ಕೀರ್ತನ್ ಕಿಟಕಿಗೆ ಬಗ್ಗಿದ. "ಹೌದು ಮಾವ. ಸ್ಟೇಷನ್ನಿನವರೆಗೆ ಹೋಗಿ ಬನ್ನಿ, ಇಷ್ಟಕ್ಕೆ ಯಾರೂ ಕಾಗದ ಕೇಳೂದಿಲ್ಲ. ಎಲ್ಲಿಗೂ ಬೇಡ, ಸುಮ್ಮನೆ."

ಮಾವ ಕೀಲಿ ತಿರುಗಿಸಿ ಇಂಜಿನು ಆರಿಸಿದ. ಇಳಿದು, ಕೀಲಿಯನ್ನು ಕೀರ್ತನನ ಕೈಯಲ್ಲಿಟ್ಟು, ಅಮೃತಶಿಲೆಯ ಹಲಗೆಗಳ ಮೇಲೆ ಹೆಜ್ಜೆಯಿಟ್ಟು ಗೋಡೌನಿಗೆ ಇಳಿದುಹೋದ. ಲಾರಿಯವನು ಬಂದ, ಕಾರನ್ನು ಸರಪಳಿಯಿಂದ ಎಳೆದು ಏರಿಸಿಕೊಂಡ. ದೇಜಪ್ಪನವರಿಗೆ ಫೋನು ಹಚ್ಚಿ, ಗಾಡಿ ಹೊರಟಿತು ಎಂದು ಹೇಳಿ, ಕೀರ್ತನ್ ಗೆದ್ದವನ ನಡಿಗೆಯಲ್ಲಿ ಮಾವನ ಹಿಂದೆ ಹೋದ. ಮುಕ್ತಾ ಅತ್ತೆ ಹಚ್ಚದ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಒಳಗೆ ಮಾವ ಎಣ್ಣೆಯ ಖಾಲಿ ಡಬ್ಬಿಯ ಮೇಲೆ ಕೂತಿದ್ದ. ಎದುರಿಗೆ ಕಾರಿನ ಆಕಾರದ ಒಂದು ಕಪ್ಪು ಕಲೆ. ಅದರ ಅಂಚಿನಲ್ಲಿ ದೇವಿಯ ಪಟದ ಕಡೆಗೆ ಸಾಲಾಗಿ ನಿಂಬೆಹಣ್ಣುಗಳು, ಹನ್ನೊಂದು ವರ್ಷದವು, ಒಂದೂ ಒಡೆಯದೆ. ಕಾರು ಹಿಂದಕ್ಕೆ ಹೋಗಿತ್ತಲ್ಲ.

"ಇನ್ನು ಹೆದರಿಕೆ ಇಲ್ಲ ಮಾವ" ಎಂದ ಕೀರ್ತನ್. "ಯಾವ ಭಾನುವಾರ ಬೇಕಾದ್ರೂ ಬನ್ನಿ ಅಂದಿದ್ದಾರೆ ದೇಜಪ್ಪಣ್ಣ. ಕಾಗದ ಆದ ಮೇಲೆ ಅಲ್ಲಿಂದ ಪನವೇಲ್ ರೋಡ್ ಹತ್ತಿರ."

"ಭಾನುವಾರ ಹೋಟೆಲಿಗೆ ಎಷ್ಟು ಜನ ಬರ್ತಾರೆ ಗೊತ್ತುಂಟಾ ನಿನಗೆ?"

"ಒಂದು ಭಾನುವಾರ ದೊಡ್ಡಪ್ಪ ಕೂತ್ಕೊಳ್ಳಲಿ."

ಮಾವ ಎದ್ದ. ಗೋಡೆಯಲ್ಲಿದ್ದ ಟ್ಯಾಕ್ಸಿಯ ಬಾಗಿಲಿನ ಗಾಜನ್ನು ಇಳಿಸಿ, ಸ್ಪ್ಯಾನರುಗಳನ್ನು ಒಂದೊಂದಾಗಿ ತೆಗೆದು ಗೋಣಿಗೆ ಹಾಕತೊಡಗಿದ. ಕೀರ್ತನನಿಗೆ ಒಮ್ಮೆಲೇ ಸಿಟ್ಟು ಬಂತು. ಮೂರು ವಾರದ ಓಡಾಟ, ಹೊಟ್ಟೆನೋವಿನ ಸುಳ್ಳು, ಒಂದು ಥ್ಯಾಂಕ್ಸ್ ಬೇಡ, ಒಂದು ನಗುವಾದರೂ ಬೇಡವೇ. ಅತ್ತೆ ಕೇಳುತ್ತಾಳೆ ಎಂಬುದನ್ನೂ ನೋಡದೆ ಕೇಳಿಬಿಟ್ಟ.

"ಮಾವ, ಒಂದು ಮಾತು ನಿಜ ಹೇಳಿ. ನಿಮಗೆ ಈ ಕಾರಿನಲ್ಲಿ ಎಲ್ಲಿಗಾದ್ರೂ ಹೋಗ್ಬೇಕು ಅಂತ ಯಾವತ್ತಾದ್ರೂ ಇತ್ತಾ, ಇಲ್ವಾ?"

ತಾರಾನಾಥ ಕೊನೆಯ ಸ್ಪ್ಯಾನರನ್ನು ಗೋಣಿಗೆ ಹಾಕಿ, ಗಾಜನ್ನು ಪೂರ್ತಿ ಮೇಲಕ್ಕೆ ಏರಿಸಿದ.

"ಇಲ್ಲ. ಮೂರರಿಂದ ನಾಲ್ಕು ನನ್ನನ್ನು ಯಾರೂ ಕರೀಬಾರ್ದಿತ್ತು, ಅಷ್ಟೇ. ಬಿಚ್ಚಿ ಬಾಯ್ಲರಿನ ಪಕ್ಕ ಇಟ್ಕೊಂಡಿದ್ರೆ ಇನ್ನೂ ಹತ್ತು ವರ್ಷ ನಡೀತಿತ್ತು. ನೀನು ಹೊರಗೆ ತೆಗ್ದು ಹಾಳು ಮಾಡಿದೆ."